ರೂಢಿಯೋ, ಹಠವೋ?

‘ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬೇಕೆ?’ ಎಂಬ ಗಾದೆ ನಿಮಗೆ ಗೊತ್ತು. ‘ಹಿರಿಯರ ರೂಢಿ ಬಿಡಬಾರದು’ ಎಂಬ ಮಾತೂ ಗೊತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರದ ಕಡೆ ಮಳೆಯನ್ನೇ ನಂಬಿ ರಾಗಿ ಬೆಳೆಯುವವರು ಯಾವ ಮಾತು ಕೇಳಬೇಕು?

ಮಾತಿನಲ್ಲಿರುವ ವ್ಯತ್ಯಾಸ

ತಲೆಮಾರುಗಳಿಂದ ನೋಡಿ, ತೂಗಿ ಉಳಿಸಿಕೊಂಡದ್ದು ‘ರೂಢಿ’. ಕಾರಣ ಮರೆತುಹೋಗಿ ಕೈ ಮಾತ್ರ ಮಾಡುತ್ತಾ ಹೋಗುವುದು ‘ಚಾಳಿ’. ಕಣ್ಣಾರೆ ಕಂಡ ಮೇಲೂ ‘ನಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದರೆ ಅದು ‘ಹಠ’. ಹೊಸದನ್ನು ಕೂಡಲೇ ಒಪ್ಪದ ರೈತರೆಲ್ಲ ಹಠಮಾರಿಗಳಲ್ಲ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರಿಸಿ ಪಡೆದ ‘ಇಂಡಾಫ್’ ತಳಿಗಳು 1970ರ ದಶಕದಲ್ಲಿ ಬಂದಾಗ, ತೆನೆ ನೋಡಿದ ರೈತರು ಬೀಜ ಬದಲಿಸಿದರು.

ಬಿಡಬಾರದ ರೂಢಿ

ರಾಗಿಯ ನಡುವಣ ಅಕ್ಕಡಿ ಸಾಲು ಇಂಥದು. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ ತೊಗರಿಯ ಬೇರು ಆಳಕ್ಕಿಳಿಯುತ್ತದೆ. ಅವರೆ, ತೊಗರಿಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. 8 ಸಾಲು ರಾಗಿಗೆ 1 ಸಾಲು ಅವರೆ, ಇಲ್ಲವೇ 8ರಿಂದ 10 ಸಾಲಿಗೆ 2 ಸಾಲು ತೊಗರಿ ಹಾಕಿರಿ.

ಬಿಡಬೇಕಾದ ಚಾಳಿ

ಪ್ರತಿ ವರ್ಷವೂ ಒಂದೇ ಆಳಕ್ಕೆ ಉಳುವುದು ಇನ್ನೊಂದು ಬಗೆಯದು. ನೇಗಿಲಿನ ತಳ ಉಜ್ಜಿ, ಟ್ರ್ಯಾಕ್ಟರಿನ ಭಾರ ಬಿದ್ದು, ಉಳುಮೆಯ ಕೆಳಗೆ ಮಣ್ಣು ಜಡ್ಡುಗಟ್ಟುತ್ತದೆ. ಮಳೆನೀರು ಇಂಗದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇರು ಕೆಳಗಿಳಿಯಲಾರದೆ ಅಡ್ಡಕ್ಕೆ ತಿರುಗುತ್ತದೆ. ಮಳೆ ಸ್ವಲ್ಪ ತಡವಾದರೂ ಪೈರು ಬಾಡುತ್ತದೆ.

ಹದ ಮಳೆಯಾದ ಮೇಲೆ ಹೊಲದ ನಾಲ್ಕಾರು ಕಡೆ ಕಬ್ಬಿಣದ ಸಲಾಕೆ ಚುಚ್ಚಿ ನೋಡಿರಿ. ಎಲ್ಲೆಡೆ ಒಂದೇ ಆಳದಲ್ಲಿ ತಡೆದರೆ ಅಲ್ಲಿ ಅಗೆದು, ಅದು ಕಲ್ಲೋ ಗಟ್ಟಿ ಪದರವೋ ಎಂದು ಖಚಿತಪಡಿಸಿಕೊಳ್ಳಿರಿ. ಪದರವಿದ್ದರೆ ಬೇಸಿಗೆಯಲ್ಲಿ, ಮಣ್ಣು ಒಣಗಿರುವಾಗ, ಅದು ಒಡೆಯುವಷ್ಟು ಆಳಕ್ಕೆ ಉಳಿ ನೇಗಿಲಿನಿಂದ ಇಳಿಜಾರಿಗೆ ಅಡ್ಡಲಾಗಿ ಸೀಳಿಸಿರಿ. ಹಸಿ ಮಣ್ಣಿನಲ್ಲಿ ಇದನ್ನು ಮಾಡಿದರೆ ಪದರ ಬಿರಿಯುವುದಿಲ್ಲ.

ಅಳೆದು ನೋಡಿರಿ

ಯಾರ ಮಾತನ್ನೂ ಹಾಗೆಯೇ ನಂಬಬೇಕಾಗಿಲ್ಲ. ಒಂದೇ ಹೊಲದಲ್ಲಿ 5 ಗುಂಟೆ ಹಳೆಯ ಕ್ರಮಕ್ಕೆ, 5 ಗುಂಟೆ ಹೊಸ ಕ್ರಮಕ್ಕೆ ಬಿಡಿರಿ. ಬೀಜ, ಗೊಬ್ಬರ, ಬಿತ್ತನೆಯ ದಿನ ಒಂದೇ ಇರಲಿ. ಒಕ್ಕಣೆಯಲ್ಲಿ ಕಾಳು, ಹುಲ್ಲು ಎರಡನ್ನೂ ಬೇರೆ ಬೇರೆ ತೂಗಿ, ಖರ್ಚನ್ನೂ ಬರೆದಿಡಿರಿ. ಮಳೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲವಾದ್ದರಿಂದ ಎರಡು ಮೂರು ಹಂಗಾಮು ನೋಡಿರಿ. ತಕ್ಕಡಿಯಲ್ಲಿ ಗೆದ್ದದ್ದು ಹಳೆಯದಾದರೂ ಸರಿ, ಉಳಿಸಿಕೊಳ್ಳಿರಿ. ಸೋತದ್ದು ಅಜ್ಜನ ಕಾಲದ್ದಾದರೂ ಬಿಟ್ಟುಬಿಡಿರಿ.