ಮುನ್ನೆಚ್ಚರಿಕೆಯ ಪರೀಕ್ಷೆಯೂ ಪರಿಚಿತ ವೈದ್ಯನೂ

1898ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆಗ ಪೇಟೆಯು ಮೈಸೂರು ಸಂಸ್ಥಾನಕ್ಕೂ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೂ ಸೇರಿದ್ದವು. ರೋಗವು ಈ ಎಲ್ಲೆಯನ್ನು ಲೆಕ್ಕಿಸಲಿಲ್ಲ. ಅದರ ಹಿಂದಿನ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾನೂನು, ರೈಲು ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದಕ್ಕೂ ಸೋಂಕು ತಗುಲಿರಬಹುದೆಂದು ತೋರಿದವರನ್ನು ಬೇರೆಯಾಗಿ ಇರಿಸುವುದಕ್ಕೂ ಅಧಿಕಾರ ಕೊಟ್ಟಿತ್ತು. ಆರೋಗ್ಯವಂತನಂತೆ ನಡೆದಾಡುವವನಲ್ಲಿ ಅಡಗಿರಬಹುದಾದ ರೋಗವನ್ನು ಹುಡುಕಿ ನೋಡುವ ಕೆಲಸವು ನಮ್ಮ ಜನರಲ್ಲಿ ಅನೇಕರಿಗೆ ಮೊದಲು ಪರಿಚಯವಾದದ್ದು ಬಹುಶಃ ಹೀಗೆಯೇ. ಜ್ವರ ಕಂಡರೆ ಕ್ಯಾಂಪಿಗೆ ಒಯ್ದುಬಿಡುವರೆಂಬ ಭಯದಿಂದ ದೇಶದ ಅನೇಕ ಊರುಗಳಲ್ಲಿ ಜನರು ರೋಗಿಗಳನ್ನು ಮನೆಯೊಳಗೆ ಬಚ್ಚಿಟ್ಟರು. ಅವರನ್ನು ಅವಿವೇಕಿಗಳೆಂದು ಹಳಿಯುವುದು ಸುಲಭ. ಆದರೆ ಪರೀಕ್ಷಿಸುವವನು ಅಪರಿಚಿತ. ಅವನ ಬೆನ್ನಿಗೆ ಸರ್ಕಾರದ ದಂಡಶಕ್ತಿ. ಅವನ ಕೈಯಲ್ಲಿ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಇಂಥ ಪರೀಕ್ಷೆಗೆ ಯಾರು ತಾನೇ ಸಂತೋಷದಿಂದ ಮೈಯೊಡ್ಡುವರು?

ಇಂದು ಔಷಧವಿದೆ, ಬಲಾತ್ಕಾರವಿಲ್ಲ. ಆದರೂ ನಾವು ಪರೀಕ್ಷೆಗೆ ಹೋಗುವುದಿಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯು 1868ರಿಂದ ದಂಡಿನ ಜನರಿಗೆ ಚಿಕಿತ್ಸೆ ಮಾಡುತ್ತ ಬಂದಿದೆ. ಆದರೆ ರೋಗಿಯು ಬರುವವರೆಗೆ ಕಾಯುವುದು ಆಸ್ಪತ್ರೆಯ ಸ್ವಭಾವ. ನೋವಾದವನು ಬರುತ್ತಾನೆ, ನೋಯದವನು ಏಕೆ ಬಂದಾನು? ಈ ಕಾಲದ ದೊಡ್ಡ ಶತ್ರುಗಳೋ ನೋವನ್ನು ಕೊಡದೆ ಬರತಕ್ಕವು. ರಕ್ತದೊತ್ತಡವು ವರ್ಷಗಟ್ಟಲೆ ನಾಳಗಳ ಗೋಡೆಯನ್ನು ಒತ್ತಿ ಒತ್ತಿ ಗಡುಸು ಮಾಡುತ್ತದೆ. ಹೃದಯವೂ ಮೂತ್ರಪಿಂಡವೂ ಸದ್ದಿಲ್ಲದೆ ದಣಿಯುತ್ತವೆ. ಮನುಷ್ಯನು ಮಾತ್ರ ಎಂದಿನಂತೆ ಕಚೇರಿಗೆ ಹೋಗಿ ಬರುತ್ತಿರುತ್ತಾನೆ. ಒಂದು ಮುಂಜಾನೆ ಕೈ ಮೇಲೇಳುವುದಿಲ್ಲ, ಮಾತು ತೊದಲುತ್ತದೆ. ಪಾರ್ಶ್ವವಾಯು ಬಡಿಯಿತೆಂದು ಮನೆಯವರು ಹೇಳುವರು. ಬಡಿದದ್ದು ಆ ದಿನವಾದರೂ ಅದರ ಸಿದ್ಧತೆ ಹತ್ತು ವರ್ಷದ್ದಾಗಿರಬಹುದು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಐದು ನಿಮಿಷದ ಕೆಲಸದಿಂದ ಅದನ್ನು ಮುಂಚಿತವಾಗಿ ತಿಳಿಯಬಹುದಾಗಿತ್ತು. ವೈದ್ಯರ ಕೋಣೆಯಲ್ಲಿ ಅಳೆದಾಗ ಒತ್ತಡವು ಮತ್ತೆ ಮತ್ತೆ 140ಕ್ಕೆ 90 ಅಥವಾ ಅದಕ್ಕೆ ಮೇಲ್ಪಟ್ಟು ಕಂಡರೆ ಅದನ್ನು ರೋಗವೆಂದು ಎಣಿಸುವುದು ನಮ್ಮಲ್ಲಿಯ ರೂಢಿ. ಉಪವಾಸದ ರಕ್ತದಲ್ಲಿ ಸಕ್ಕರೆಯು 126 ಮಿಲಿಗ್ರಾಂ ಮುಟ್ಟಿದರೆ ಮಧುಮೇಹದ ಶಂಕೆ. 100ರಿಂದ 125ರವರೆಗಿನದು ಎಚ್ಚರಿಕೆಯ ಗಂಟೆ.

ಹುಡುಕಿದ ಮಾತ್ರಕ್ಕೆ ಯಾವ ಪರೀಕ್ಷೆಯೂ ಪ್ರಯೋಜನಕಾರಿಯಾಗದು. ಮುಂಚೆ ಕಂಡುಹಿಡಿದರೆ ಮುಂದಿನ ಗತಿ ಬದಲಾಗಬೇಕು. ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರ ಬಾಯಿಯನ್ನು ದೀಪ ಹಿಡಿದು ನೋಡುವ ಸಾಮಾನ್ಯ ಪರೀಕ್ಷೆಯನ್ನು ತಿರುವನಂತಪುರ ಜಿಲ್ಲೆಯಲ್ಲಿ ಸಾವಿರಾರು ಜನರ ಮೇಲೆ ನಡೆಸಿದರು. 2005ರಲ್ಲಿ ಹೊರಬಂದ ಫಲಿತಾಂಶದಲ್ಲಿ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರೊಳಗೆ ಬಾಯಿಯ ಕ್ಯಾನ್ಸರಿನ ಮರಣವು ಸುಮಾರು ಮೂರನೆಯ ಒಂದು ಪಾಲು ತಗ್ಗಿತ್ತು. ಯಂತ್ರವಿಲ್ಲ, ಸೂಜಿಯಿಲ್ಲ; ತರಬೇತಾದ ಕಣ್ಣು ಸಾಕಾಯಿತು. ಹೆಂಗಸರ ಗರ್ಭಕೊರಳಿನ ಪರೀಕ್ಷೆಯೂ ಇದೇ ವರ್ಗಕ್ಕೆ ಸೇರಿದ್ದು. ಸಂಕೋಚದಿಂದ ಅದನ್ನು ಮುಂದೂಡುವ ಮನೆಗಳು ನಮ್ಮ ವಿದ್ಯಾವಂತರಲ್ಲಿಯೂ ಬಹಳ.

ಇದಕ್ಕೆ ಪ್ರತಿಯಾಗಿ ದಕ್ಷಿಣ ಕೊರಿಯದ ಕಥೆಯನ್ನು ನೋಡೋಣ. ಅಲ್ಲಿ ಸಾಮಾನ್ಯ ತಪಾಸಣೆಯೊಡನೆ ಕೊರಳಿನ ಥೈರಾಯ್ಡ್ ಗ್ರಂಥಿಯನ್ನೂ ಧ್ವನಿತರಂಗದಿಂದ ನೋಡುವ ರೂಢಿ ಹರಡಿತು. 1993ಕ್ಕೆ ಹೋಲಿಸಿದರೆ 2011ರ ವೇಳೆಗೆ ಆ ಕ್ಯಾನ್ಸರ್ ಹದಿನೈದು ಪಟ್ಟು ಹೆಚ್ಚಾಗಿ ಪತ್ತೆಯಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಕದಲಲಿಲ್ಲ. ಅಂದರೆ ಎಂದೂ ಕಾಡದೆ ಇದ್ದಿರಬಹುದಾದ ಗಂಟುಗಳಿಗಾಗಿ ಅನೇಕರು ಕೊರಳು ಕೊಯ್ಯಿಸಿಕೊಂಡರು. ಇಂದಿರಾನಗರದ ನೂರಡಿ ರಸ್ತೆಯಂಥ ಕಡೆಗಳಲ್ಲಿ ಐವತ್ತು, ಅರವತ್ತು ಪರೀಕ್ಷೆಗಳನ್ನು ಒಂದೇ ಕಟ್ಟಾಗಿ ರಿಯಾಯಿತಿಯ ಬೆಲೆಗೆ ಮಾರುವುದನ್ನು ಕಂಡಾಗ ನಮಗೆ ಈ ಕಥೆ ನೆನಪಾಗುತ್ತದೆ. ಸೀರೆ ಕೊಳ್ಳುವಾಗ ರಿಯಾಯಿತಿ ಒಳ್ಳೆಯದೇ. ಆದರೆ ಸಾಮಾನ್ಯ ತಪಾಸಣೆಗಳನ್ನು ಕುರಿತ 14 ಪ್ರಯೋಗಗಳ ಫಲವನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಗುರಿಯಿಲ್ಲದೆ ಎಲ್ಲವನ್ನೂ ಪರೀಕ್ಷಿಸುವುದರಿಂದ ಮರಣವು ಕಡಿಮೆಯಾದದ್ದು ಕಂಡುಬರಲಿಲ್ಲ.

ಹಾಗಾದರೆ ಯಾವುದನ್ನು ಮಾಡಿಸಬೇಕು, ಯಾವುದನ್ನು ಬಿಡಬೇಕು, ಬಂದ ಅಂಕೆಗೆ ಅರ್ಥವೇನು ಎಂದು ಹೇಳತಕ್ಕವರು ಯಾರು? ಹಲಸೂರಿನ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳೋಣ. ಮೂರು ಮಹಡಿ ಹತ್ತಿ ಹೊಸ ವೈದ್ಯರೆದುರಿಗೆ ಕುಳಿತೊಡನೆ ಅವನ ಒತ್ತಡ 150ಕ್ಕೆ 95. ಅವನನ್ನು ಹತ್ತು ವರ್ಷದಿಂದ ಬಲ್ಲ ವೈದ್ಯನಾದರೆ ಹಳೆಯ ಚೀಟಿ ತೆಗೆದು, ಹಿಂದಿನ ಅಂಕೆಗಳೆಲ್ಲ 130ರ ಸುಮಾರಿಗಿರುವುದನ್ನು ನೋಡಿ, “ಹತ್ತು ನಿಮಿಷ ಸುಮ್ಮನೆ ಕೂತಿರಿ ರಾಯರೇ, ಮತ್ತೆ ನೋಡೋಣ” ಎಂದಾನು. ಅದೇ ವೈದ್ಯನು, ತೂಕವು ಒಂದು ವರ್ಷದಲ್ಲಿ ಕಾರಣವಿಲ್ಲದೆ ಐದು ಕಿಲೋ ಇಳಿದದ್ದನ್ನು ಕಂಡು ಬೆಚ್ಚುವನು. ಅಪರಿಚಿತನಿಗೆ ಆ ತೂಕವು ತಕ್ಕ ತೂಕವಾಗಿಯೇ ತೋರೀತು. ಈ ವಿಷಯವಾಗಿ ದೊಡ್ಡ ಲೆಕ್ಕ ದೊರೆತದ್ದು ನಾರ್ವೆ ದೇಶದಲ್ಲಿ. ಅಲ್ಲಿ ಜನರಿಗೆ ಗೊತ್ತುಪಡಿಸಿದ ವೈದ್ಯರುಂಟು. ಒಬ್ಬನೇ ವೈದ್ಯನ ಬಳಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ, ತುರ್ತಾಗಿ ಆಸ್ಪತ್ರೆ ಸೇರುವುದೂ ಮರಣವೂ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವೆಂದು 2022ರಲ್ಲಿ ಪ್ರಕಟವಾಯಿತು. ಪರಿಚಯವೇ ಇದಕ್ಕೆ ಕಾರಣವೆಂದು ಇಷ್ಟರಿಂದಲೇ ಸಾಧಿಸಿದಂತಾಗುವುದಿಲ್ಲ. ಆದರೂ ಅದನ್ನು ತಳ್ಳಿಹಾಕುವುದು ನಮ್ಮಿಂದಾಗದು.

ಕೇವಲ ವೈದ್ಯನಿದ್ದರೂ ಸಾಲದು, ಅವನು ನೋಡಬೇಕು. ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎದೆಯ ಚಿತ್ರ ತೆಗೆದು ಕ್ಷಯರೋಗಿಗಳನ್ನು ಪತ್ತೆ ಮಾಡಿದರು. ಬಳಿಕ ಬ್ಯಾನರ್ಜಿ, ಆಂಡರ್‌ಸನ್ ಎಂಬ ಇಬ್ಬರು ಆ ರೋಗಿಗಳನ್ನು ವಿಚಾರಿಸಿ 1963ರಲ್ಲಿ ವರದಿ ಬರೆದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲವೆಂದೇ ಎಲ್ಲರ ಎಣಿಕೆಯಾಗಿತ್ತು. ವಿಚಾರಿಸಿದರೆ, ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ವೈದ್ಯರ ಬಾಗಿಲಿಗೆ ಹೋಗಿಬಂದಿದ್ದರು! ಅಲ್ಲಿ ಅವರಿಗೆ ದೊರೆತದ್ದು ಒಂದು ಸೀಸೆ ಕೆಮ್ಮಿನ ಮಿಕ್ಸ್ಚರು. ರೋಗಿಯನ್ನು ಹುಡುಕಿಕೊಂಡು ಹೊರಟ ಯಂತ್ರವು, ತಾನಾಗಿ ಬಂದವನನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಹೊತ್ತು ತಂದಿತು. ಕೆಮ್ಮಿಕೊಂಡು ಸಾಮಾನ್ಯ ಚಿಕಿತ್ಸಾಲಯಕ್ಕೆ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸುವುದನ್ನು ದೇಶದ ಕ್ಷಯ ನಿವಾರಣ ಕಾರ್ಯಕ್ರಮವು ಮುಖ್ಯ ಮಾರ್ಗವಾಗಿ ಹಿಡಿದದ್ದು ಇಂಥ ಅನುಭವದಿಂದ.

ನಮ್ಮ ಪೂರ್ವಭಾಗಕ್ಕೆ ಪರಿಚಿತ ವೈದ್ಯನು ಹೊಸಬನಲ್ಲ. 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯು ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ ಕಾರ್ಮಿಕರಿಗೆ ಮನೆಗಳೊಡನೆ ಆಸ್ಪತ್ರೆಯನ್ನೂ ಕಟ್ಟಿಸಿತು. ಕಾರ್ಖಾನೆಯ ಆಸ್ಪತ್ರೆಯಲ್ಲಿ ತಂದೆಯ, ತಾಯಿಯ, ಮಕ್ಕಳ ಕಾಗದಗಳು ಒಂದೇ ಕಡೆ ಉಳಿಯುವುದು ಸಾಧ್ಯವಿತ್ತು. ಈಗ ಅದೇ ಕೃಷ್ಣರಾಜಪುರದಲ್ಲಿ ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರು ವೈದ್ಯರನ್ನೂ ಬದಲಾಯಿಸುತ್ತಾರೆ. ಮೊಣಕಾಲಿಗೊಬ್ಬ, ಹೊಟ್ಟೆಗೊಬ್ಬ, ತಲೆನೋವಿಗೊಬ್ಬ ತಜ್ಞ, ಇಡೀ ಮನುಷ್ಯನಿಗೆ ಯಾರೂ ಇಲ್ಲ. 2023ರ ಆರಂಭದಿಂದ ವಾರ್ಡುಗಳಲ್ಲಿ ತೆರೆದ ‘ನಮ್ಮ ಕ್ಲಿನಿಕ್’ಗಳಲ್ಲಿ ಒತ್ತಡವನ್ನೂ ಸಕ್ಕರೆಯನ್ನೂ ಹಣವಿಲ್ಲದೆ ನೋಡುವರು. ಇದು ಬಡವರಿಗೆ ಮಾತ್ರವೆಂದು ವಿದ್ಯಾವಂತರು ಭಾವಿಸುವುದು ತಪ್ಪು. ಅಲ್ಲಿಯ ವೈದ್ಯರು ಒಂದೇ ಕಡೆ ನಾಲ್ಕಾರು ವರ್ಷ ನಿಲ್ಲುವಂತಾದರೆ, ಕಟ್ಟಡಕ್ಕಿಂತ ಅದೇ ಹೆಚ್ಚಿನ ಲಾಭವೆಂದು ನಾವು ಎಣಿಸುತ್ತೇವೆ.

ಮೂವತ್ತು ತುಂಬಿದವರು ಮೊದಲ ಭೇಟಿಗೆ ಹೋಗುವಾಗ ತಂದೆತಾಯಿಗಳಿಗಿದ್ದ ಕಾಯಿಲೆಗಳನ್ನೂ, ಅವು ಯಾವ ವಯಸ್ಸಿನಲ್ಲಿ ಕಂಡವೆಂಬುದನ್ನೂ, ತಾವು ಸೇವಿಸುವ ಮಾತ್ರೆಗಳನ್ನೂ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಅದನ್ನೂ ಮರೆಮಾಚದೆ ಒಂದು ಪುಸ್ತಕದಲ್ಲಿ ಬರೆದು ಒಯ್ಯತಕ್ಕದ್ದು. ಮುಂದಿನ ಅಂಕೆಗಳೆಲ್ಲ ಅದೇ ಪುಸ್ತಕದಲ್ಲಿಯೇ ಬರಲಿ. ಉಪವಾಸದ ಸಕ್ಕರೆಯ ಪರೀಕ್ಷೆಗೆ ಬೆಳಗಿನ ಕಾಫಿಯನ್ನೂ ಬಿಡಬೇಕು. ಬಿಡಲಾರದವರು ಅದನ್ನು ನಾಚದೆ ವೈದ್ಯರಿಗೆ ತಿಳಿಸಿದರೆ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಬೇರೊಂದು ರಕ್ತಪರೀಕ್ಷೆಯುಂಟು. ಅದಕ್ಕೆ ಕಾಫಿಯಿಂದ ಅಡ್ಡಿಯಿಲ್ಲ.