ಪ್ರತಿಮೆಯೂ ಪ್ರಮಾಣವೂ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಸಂಪ್ರದಾಯವುಳ್ಳ ಮನೆಗಳವರಿಗೆ ದೊಡ್ಡದನ್ನು ಚಿಕ್ಕದಾಗಿ ಮಾಡಿ ನೋಡುವ ಸಂತೋಷವು ಹೊಸದಲ್ಲ. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲುಗಳಲ್ಲಿ ಶೆಟ್ಟಿಯ ಅಂಗಡಿ, ಮದುವೆಯ ದಿಬ್ಬಣ, ಹೊಲ, ಕೆರೆ, ಉದ್ಯಾನ ಇವೆಲ್ಲವೂ ಮೊಳದಷ್ಟು ಜಾಗದಲ್ಲಿ ಅಡಗಿ ಕುಳಿತಿರುವುದನ್ನು ನಾವೆಲ್ಲರೂ ಬಾಲ್ಯದಿಂದ ಕಂಡವರೇ. ಆದರೆ ಆ ಬೊಂಬೆಗಳಿಗೆ ಅಳತೆಯ ನಿರ್ಬಂಧವಿಲ್ಲ. ಶೆಟ್ಟಿಯು ತನ್ನ ಅಂಗಡಿಗಿಂತ ದೊಡ್ಡವನಾಗಿರಬಹುದು. ಹಸುವಿಗಿಂತ ಗಿಳಿಯು ಎತ್ತರವಾಗಿರಬಹುದು. ಅದರಿಂದ ಯಾರಿಗೂ ಬೇಸರವಿಲ್ಲ. ನಿಜವಾದ ವಸ್ತುವಿನ ಪ್ರತಿಯೊಂದು ಅಂಗವನ್ನೂ ಒಂದೇ ಲೆಕ್ಕದಲ್ಲಿ ಇಳಿಸಿ ಮಾಡುವ ಮಾದರಿಯ ಮಾತೇ ಬೇರೆ. ಅಲ್ಲಿ ಒಂದು ಚಕ್ರ ಹೆಚ್ಚುಕಡಿಮೆಯಾದರೂ ಎಲ್ಲವೂ ಸುಳ್ಳಾಗುವುದು.

ಸಂಸ್ಕೃತದಲ್ಲಿ ‘ಮಾ’ ಎಂಬ ಧಾತುವಿಗೆ ಅಳೆಯುವುದು ಎಂದರ್ಥ. ಮಾನ, ಉಪಮಾನ, ಪ್ರಮಾಣ, ಪ್ರತಿಮೆ ಇವೆಲ್ಲವೂ ಆ ಒಂದೇ ಬೇರಿನ ಚಿಗುರುಗಳು. ಆದುದರಿಂದ ಪ್ರತಿಮೆಯೆಂದರೆ ಮೂಲವನ್ನು ಎದುರಿಗಿಟ್ಟುಕೊಂಡು ಅಳೆದು ಮಾಡಿದ್ದು. ಪ್ರಮಾಣವೆಂಬ ಶಬ್ದಕ್ಕಾದರೋ ಎರಡು ಅರ್ಥಗಳುಂಟು: ಒಂದು ಅಳತೆ, ಇನ್ನೊಂದು ಸತ್ಯವನ್ನು ತಿಳಿಯುವುದಕ್ಕೆ ಸಾಧನವಾದದ್ದು. ಯುದ್ಧದಲ್ಲಿ ಸೇವೆಮಾಡಿದ ಬಂಧುವೊಬ್ಬರ ನೆನಪಿಗಾಗಿ ಸೈನಿಕ ವಾಹನದ ಮಾದರಿಯೊಂದನ್ನು ಮನೆಯಲ್ಲಿ ಮಾಡಹೊರಟವರಿಗೆ ಈ ಎರಡು ಅರ್ಥಗಳೂ ಒಟ್ಟಿಗೆ ಬೇಕಾಗುವುವು. ನಮ್ಮ ಮನೆಯಲ್ಲಿ ಅಂಥದೊಂದು ಕೆಲಸವು ಹೇಗೆ ನಡೆಯಿತೆಂಬುದನ್ನು ವಾಚಕರ ಮುಂದಿಡುತ್ತೇನೆ.

ನನ್ನ ಸೋದರಮಾವನವರು ಕೋಲಾರದ ಕಡೆಯ ಹಳ್ಳಿಯವರು. ಹರೆಯದಲ್ಲಿ ಬೆಂಗಳೂರಿಗೆ ಬಂದು ಮದರಾಸು ಸ್ಯಾಪರ್ಸ್ ದಳವನ್ನು ಸೇರಿದರು. 1780ರಲ್ಲಿ ಆರಂಭವಾದ ಈ ದಳಕ್ಕೆ ಹೆಸರು ಮದರಾಸಿನದಾದರೂ 1834ರಿಂದ ನೆಲೆಯು ಬೆಂಗಳೂರೇ. ಹಲಸೂರು ಕೆರೆಯ ಬಳಿಯಲ್ಲಿ ಅದರ ಕೇಂದ್ರವು ಇಂದಿಗೂ ಇದೆ. ಸ್ಯಾಪರ್ ಎಂದರೆ ದಾರಿ ಕಡಿಯುವ, ಸೇತುವೆ ಕಟ್ಟುವ, ಶತ್ರುವು ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಅಗೆದು ತೆಗೆಯುವ ಸಿಪಾಯಿ. ಬಂದೂಕೂ ಅವನ ಬಳಿ ಇರುವುದು. ಆದರೆ ಅವನ ಕೈಯಲ್ಲಿ ಹೆಚ್ಚು ಸವೆಯುವುದು ಪಿಕಾಸಿ. ಮಾವನವರು ರಜದಲ್ಲಿ ಊರಿಗೆ ಬಂದಾಗ ಯಾರಾದರೂ ಯುದ್ಧದ ಕಥೆಯನ್ನು ಕೇಳಿದರೆ, “ನಾವು ರಸ್ತೆ ಕೆಲಸ ಮಾಡಿದೆವು, ಅಷ್ಟೇ” ಎಂದುಬಿಡುತ್ತಿದ್ದರಂತೆ. “ರಸ್ತೆ ಕೆಲಸಕ್ಕೆ ಕಾಶ್ಮೀರದವರೆಗೂ ಹೋಗಬೇಕಾಗಿತ್ತೇನಯ್ಯಾ?” ಎಂದು ನೆಂಟರು ನಗುತ್ತಿದ್ದರಂತೆ. ಅವರು ತೀರಿಕೊಂಡು ಬಹಳ ವರ್ಷಗಳಾದುವು. ಉಳಿದಿರುವುದು ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ‘ಜಮ್ಮು ಮತ್ತು ಕಾಶ್ಮೀರ’ ಎಂಬ ಪಟ್ಟಿಯುಳ್ಳ ಒಂದು ಪದಕ, ಮತ್ತು ಆ ನಗೆಯ ನೆನಪು. ನನ್ನ ಅತ್ತೆಯವರಿಗೆ ಈಗ ತೊಂಬತ್ತು ದಾಟಿದೆ. ತಮ್ಮ ಯಜಮಾನರು ಅಲ್ಲಿ ಮಾಡಿದ್ದೇನೆಂಬುದು ಅವರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಅವರ ಮೊಮ್ಮಗನು ಪದಕವನ್ನು ನೋಡಿ, “ಇದಕ್ಕೆ ಹೊಂದುವ ಹಾಗೆ ಒಂದು ಟ್ಯಾಂಕ್ ಮಾಡೋಣ” ಎಂದು ಹಟ ಹಿಡಿದುದರಿಂದ ಈ ಕೆಲಸಕ್ಕೆ ಕೈಹಾಕಿದೆವು.

ಟ್ಯಾಂಕಿಗೂ ಮಾವನವರ ರಸ್ತೆಗೂ ಸಂಬಂಧವೇನೆಂಬುದನ್ನು ಹೇಳಬೇಕು. 1948ರ ಬೇಸಗೆಯಲ್ಲಿ ಕಾರ್ಗಿಲ್, ದ್ರಾಸ್ ಊರುಗಳು ಎದುರಾಳಿಗಳ ಕೈಸೇರಿದುವು. ಶ್ರೀನಗರದಿಂದ ಲೇಹಕ್ಕೆ ಹೋಗುವ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆಬಾಗಿಲು ಇದೆ. ಎತ್ತರ ಸುಮಾರು 11,500 ಅಡಿ. ಅದೂ ಅವರ ವಶವಾಯಿತು. ಇಕ್ಕೆಲದ ಬಂಡೆಗಳ ಸಂದಿಯಲ್ಲಿ ಅವರು ಮೆಷಿನ್‌ಗನ್ನುಗಳನ್ನು ಹೂಡಿ ಕುಳಿತಿದ್ದುದರಿಂದ, ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ನಡೆಸಿದ ದಾಳಿಯು ಫಲಿಸಲಿಲ್ಲ. ಚಳಿಗಾಲವು ಹತ್ತಿರವಾಗುತ್ತಿದ್ದಿತು. ಹಿಮವು ದಾರಿಯನ್ನು ಮುಚ್ಚಿದರೆ ಲೇಹವು ಒಂಟಿಯಾಗುತ್ತಿದ್ದಿತು. ಆಗ ಆ ಪ್ರದೇಶದ ಸೇನಾಧಿಪತಿಗಳಾಗಿದ್ದವರು ನಮ್ಮ ಕೊಡಗಿನ ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಟ್ಯಾಂಕುಗಳನ್ನು ಕಣಿವೆಗೆ ಹತ್ತಿಸಬೇಕೆಂಬ ನಿಶ್ಚಯವಾಯಿತು.

7ನೆಯ ಲೈಟ್ ಕ್ಯಾವಲ್ರಿ ದಳದ ಸ್ಟುವರ್ಟ್ ಟ್ಯಾಂಕುಗಳು ಈ ಕೆಲಸಕ್ಕೆ ಆಯ್ಕೆಯಾದುವು. ದಳದ ನಾಯಕರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. 1944ರಲ್ಲಿ ಇಂಫಾಲದ ಕಾಳಗದಲ್ಲಿಯೂ ಇದೇ ದಳವು ಸ್ಟುವರ್ಟುಗಳನ್ನು ನಡೆಸಿದ್ದಿತು. ಜಮ್ಮುವಿನ ಕಡೆಯಿಂದ ಶ್ರೀನಗರದ ಮೂಲಕ ಕಣಿವೆಯ ಬುಡದ ಬಾಲ್ತಾಲ್‌ವರೆಗೆ ಅವುಗಳನ್ನು ಗುಟ್ಟಾಗಿ, ಮೇಲಿನ ಗೋಪುರಗಳನ್ನು ಬಿಚ್ಚಿ, ಸಾಗಿಸಿದರು. ಆದರೆ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಸುಮಾರು 2,500 ಅಡಿಗಳ ಏರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಹದಿನೈದು ಟನ್ನಿಗೆ ಹತ್ತಿರದ ಭಾರವುಳ್ಳ ಯಂತ್ರವು ಅದರ ಮೇಲೆ ಹೋಗುವಂತೆ ಮಾಡಿದವರು ಮದರಾಸು ಸ್ಯಾಪರ್ಸ್ ದಳದವರು. ಬಂಡೆಗಳಿಗೆ ಮದ್ದಿಟ್ಟು ಸಿಡಿಸಿ, ಹಾರೆಯಿಂದ ಮೀಟಿ, ಪಿಕಾಸಿಯಿಂದ ಕಡಿದು, ಕಲ್ಲನ್ನು ಅಂಚಿಗೆ ಪೇರಿಸಿ ಆ ಕಾಲುದಾರಿಯನ್ನು ಅಗಲಮಾಡಿದರು. ಹವೆಯು ಕೆಟ್ಟು ದಾಳಿಯು ಮುಂದಕ್ಕೆ ಹೋಯಿತು. ಕೊನೆಗೆ 1948ನೆಯ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕುವು. ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲಿ ತಾವೇ ಇದ್ದರೆಂದು ಯುದ್ಧದ ವೃತ್ತಾಂತಗಳು ಹೇಳುತ್ತವೆ. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಬರಬಹುದೆಂದು ಎದುರಾಳಿಗಳು ಎಣಿಸಿರಲಿಲ್ಲ. ಜೋಜಿಲಾ ನಮ್ಮದಾಯಿತು. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್‌ಗಳೂ ಮರಳಿ ಬಂದು, ಲೇಹದ ದಾರಿಯು ತೆರೆಯಿತು.

ಇಷ್ಟನ್ನು ಓದಿ ತಿಳಿದ ಮೇಲೆ ಮನೆಯಲ್ಲಿ ಚರ್ಚೆ ಹುಟ್ಟಿತು. “ಮಾವ, ತಾತನನ್ನು ಟ್ಯಾಂಕಿನ ಮೇಲೆ ನಿಲ್ಲಿಸಿಬಿಡಿ, ಕೈಯಲ್ಲಿ ದುರ್ಬೀನು ಇರಲಿ” ಎಂದು ಹುಡುಗನು ಹೇಳಿದನು.

“ತಾತ ಅಲ್ಲಿ ನಿಂತಿರಲಿಲ್ಲವಪ್ಪ. ಅವರು ಕೆಳಗೆ, ದಾರಿಯಲ್ಲಿದ್ದವರು.”

“ಯಾರಿಗೆ ಗೊತ್ತಾಗುತ್ತೆ ಮಾವ? ನೋಡೋದಕ್ಕೆ ಚೆನ್ನಾಗಿರುತ್ತೆ.”

ಅವನ ತಂದೆಯೂ, ಇತರ ಬಂಧುಗಳೂ ಹುಡುಗನ ಕಡೆಗೇ ಆದರು. ಒಬ್ಬ ಸಾಮಾನ್ಯ ಸಿಪಾಯಿಯ ನೆನಪಿಗೆ ಸ್ವಲ್ಪ ಮೆರುಗು ಕೊಟ್ಟರೆ ಕಳೆದುಹೋಗುವುದೇನು ಎಂಬುದು ಅವರ ವಾದ. ಕಳೆದುಹೋಗುವುದು ಆ ಸಿಪಾಯಿಯೇ ಎಂದು ನಾನು ಉತ್ತರವಿತ್ತೆನು. ಗೋಪುರದಲ್ಲಿ ನಿಂತವನು ಬೇರೊಬ್ಬನು. ಅವನ ಶೌರ್ಯವು ಅವನದು. ಅದನ್ನು ತಂದು ನಮ್ಮವರಿಗೆ ತೊಡಿಸಿದರೆ, ಹಿಮದಲ್ಲಿ ಹಾರೆ ಹಿಡಿದು ನಿಂತ ನಮ್ಮವರನ್ನು ನಾವೇ ಅಳಿಸಿಹಾಕಿದಂತಾಗುವುದು. ಅಂದು ಊರಿನ ನೆಂಟರು ನಕ್ಕದ್ದು ರಸ್ತೆ ಕೆಲಸವು ಸಣ್ಣದೆಂದು. ನಾವೂ ಅದನ್ನು ಮರೆಮಾಡಿದರೆ ಆ ನಗೆಗೆ ಸಾಕ್ಷಿ ಹಾಕಿದವರಾಗುತ್ತೇವೆ. ಈ ಮಾತಿನ ಮೇಲೆ ಹುಡುಗನು ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ, “ಹಾಗಾದರೆ ದಾರಿಯನ್ನೂ ಅಳತೆಗೆ ಸರಿಯಾಗಿ ಮಾಡಬೇಕು” ಎಂದು ತಾನೇ ಕಾಗದ ಪೆನ್ಸಿಲು ತಂದನು.

ಅಳತೆಯ ಆಯ್ಕೆ ಮೊದಲನೆಯ ಕೆಲಸ. ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ ಟ್ಯಾಂಕುಗಳು ಹೆಚ್ಚಾಗಿ 35ರಲ್ಲಿ ಒಂದು ಪಾಲಿನವು. ಇದರ ಹುಟ್ಟು ವಿನೋದಕರವಾದುದು. ಜಪಾನಿನ ಶಿಜುವೊಕಾ ನಗರದ ತಾಮಿಯಾ ಕಂಪೆನಿಯವರು 1960ರ ದಶಕದ ಆದಿಯಲ್ಲಿ ಪ್ಯಾಂಥರ್ ಎಂಬ ಜರ್ಮನ್ ಟ್ಯಾಂಕಿನ ಮಾದರಿಯನ್ನು, ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಯುವಷ್ಟು ಗಾತ್ರದಲ್ಲಿ ಮಾಡಿದರು; ಬಳಿಕ ಅಳೆದು ನೋಡಿದರೆ ಅದು 35ರಲ್ಲಿ ಒಂದಾಗಿದ್ದಿತು. ಅದೇ ಲೋಕರೂಢಿಯಾಯಿತು. ಆದರೆ ನಮ್ಮ ಅತ್ತೆಯವರ ಕಣ್ಣುಗಳು ಈಗ ಬೆಳಕು ನೆರಳುಗಳನ್ನು ಮಾತ್ರ ಬಲ್ಲವು. ಅವರು ನೋಡಬೇಕಾದುದು ಬೆರಳುಗಳಿಂದ. ಆದುದರಿಂದ ನಾವು 16ರಲ್ಲಿ ಒಂದು ಎಂಬ ದೊಡ್ಡ ಅಳತೆಯನ್ನು ಹಿಡಿದೆವು. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಆಣೆಯು ಎಷ್ಟೋ, ನಿಜವಾದ ಟ್ಯಾಂಕಿಗೆ ಈ ಮಾದರಿಯೂ ಅಷ್ಟು. ಸುಮಾರು ಐದು ಮೀಟರು ಉದ್ದದ ಸ್ಟುವರ್ಟ್ ಒಂದಡಿಗಿಂತ ತುಸು ಹೆಚ್ಚಾಗುವುದು. ಐದೂವರೆ ಅಡಿಯ ಮನುಷ್ಯನು ನಾಲ್ಕು ಇಂಚಿಗೆ ಇಳಿಯುವನು. 37 ಮಿಲಿಮೀಟರಿನ ತೋಪಿನ ಬಾಯಿ ಎರಡು ಮಿಲಿಮೀಟರಿಗೆ ಸ್ವಲ್ಪ ಮೇಲ್ಪಟ್ಟಿರುವುದು. ಉದ್ದವು ಹದಿನಾರನೆಯ ಪಾಲಾದರೂ ಘನವು 4,096ನೆಯ ಪಾಲಾಗುವುದೆಂಬುದನ್ನು ಹುಡುಗನು ಗುಣಿಸಿ ಕಂಡುಕೊಂಡನು. ಹದಿನೈದು ಟನ್ನಿನ ಉಕ್ಕು ಆ ಲೆಕ್ಕದಲ್ಲಿ ನಾಲ್ಕು ಕಿಲೋವಿಗಿಂತ ಕಡಿಮೆ! ಮನೆಯಲ್ಲಿ ಕಲಿತ ಇಂಥ ಗಣಿತವು ಮರೆಯುವುದಿಲ್ಲ.

ಒಡಲನ್ನು ತೆಳುವಾದ ಪ್ಲೈವುಡ್ಡಿನಿಂದ, ಪುಸ್ತಕದಲ್ಲಿದ್ದ ನಕ್ಷೆಯನ್ನು ಹಿಗ್ಗಿಸಿ ಬರೆದುಕೊಂಡು, ಕತ್ತರಿಸಿದೆವು. ಸ್ಟುವರ್ಟಿಗೆ ಒಂದೊಂದು ಪಕ್ಕದಲ್ಲಿ ನೆಲದ ಮೇಲೆ ಉರುಳುವ ನಾಲ್ಕು ಚಕ್ರಗಳು, ಹಿಂದೆ ಒಂದು ದೊಡ್ಡ ಚಕ್ರ, ಮುಂದೆ ಹಲ್ಲುಗಳುಳ್ಳ ಎಳೆಯುವ ಚಕ್ರ, ಮೇಲೆ ಪಟ್ಟಿಯನ್ನು ತಡೆಯುವ ಮೂರು ಸಣ್ಣ ಉರುಳೆಗಳು. ಎರಡು ಪಕ್ಕಕ್ಕೂ ಸೇರಿ ಹದಿನೆಂಟು. ಇವನ್ನು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರೊಬ್ಬರು ಆಲೆ ಮರದಲ್ಲಿ ಕಡೆದುಕೊಟ್ಟರು. ಅರಗಿನ ಬಣ್ಣವನ್ನು ಹಚ್ಚದೆ ಬರಿಯ ಮರವನ್ನೇ ಕೇಳಿದುದಕ್ಕೆ ಅವರಿಗೆ ಆಶ್ಚರ್ಯವಾಯಿತು. ಕಾರಣವನ್ನು ತಿಳಿಸಿದ ಮೇಲೆ ಒಂದೊಂದನ್ನೂ ಅಳೆದು ಮತ್ತೊಮ್ಮೆ ತಿದ್ದಿದರು. ತೋಪಿಗೆ ಹಿತ್ತಾಳೆಯ ಸಣ್ಣ ಕೊಳವೆ. ಪಟ್ಟಿಯ ಬಿಲ್ಲೆಗಳಿಗೆ ಸೈಕಲ್ಲಿನ ಹಳೆಯ ಟ್ಯೂಬು; ಸ್ಟುವರ್ಟಿನ ಪಟ್ಟಿಗಳಿಗೆ ರಬ್ಬರಿನ ಬಿಲ್ಲೆಗಳೂ ಇರುತ್ತಿದ್ದುದರಿಂದ ಇದು ಮೂಲಕ್ಕೆ ಹತ್ತಿರವೇ ಆಯಿತು. ನೂರಾರು ಬಿಲ್ಲೆಗಳನ್ನು ಕತ್ತರಿಸಿ ಅಂಟಿಸಿದವನು ಹುಡುಗನು.

ದಾರಿಯ ಕೆಲಸಕ್ಕೆ ಟ್ಯಾಂಕಿಗಿಂತ ಹೆಚ್ಚು ದಿನ ಹಿಡಿಯಿತು. ಹಳೆಯ ಕಾಗದವನ್ನು ನೆನೆಸಿ, ಮೆಂತ್ಯವನ್ನು ಸೇರಿಸಿ ರುಬ್ಬಿ, ಹಿಂದೆ ನಮ್ಮ ಹೆಂಗಸರು ಬುಟ್ಟಿಗಳಿಗೆ ಬಳಿಯುತ್ತಿದ್ದ ಮುದ್ದೆಯಿಂದಲೇ ಬೆಟ್ಟದ ಮೈಯನ್ನು ಮಾಡಿದೆವು. ಹದವನ್ನು ಹೇಳಿಕೊಟ್ಟವರು ಅತ್ತೆಯವರೇ. ಹಿಮಕ್ಕೆ ಅಂಟಿನ ಮೇಲೆ ಜರಡಿಯಾಡಿಸಿದ ರಂಗೋಲಿಯ ಪುಡಿ. ದಾರಿಯ ಅಗಲಕ್ಕೆ ಮಾತ್ರ ನಮ್ಮ ಬಳಿ ನಕ್ಷೆಯಿರಲಿಲ್ಲ, ಇದ್ದುದು ಮಾವನವರು ಒಮ್ಮೆ ನನ್ನ ತಾಯಿಯವರೊಡನೆ ಆಡಿದ್ದ ಒಂದು ಮಾತು: “ಪಟ್ಟಿಯಿಂದ ಅಂಚಿಗೆ ಒಂದು ಮೊಳ ಉಳಿದರೆ ಅದೇ ನಮ್ಮ ಭಾಗ್ಯ.” ಕಂಡದ್ದನ್ನು ಕಂಡಂತೆ ಹೇಳುವವರ ಮಾತನ್ನು ಶಾಸ್ತ್ರವು ಆಪ್ತವಾಕ್ಯವೆಂದು ಕರೆದು, ಪ್ರಮಾಣಗಳಲ್ಲಿ ಸೇರಿಸಿದೆ. ಮೊಳಕ್ಕೆ 24 ಅಂಗುಲ. ಅದರಲ್ಲಿ ಹದಿನಾರನೆಯ ಒಂದು ಪಾಲು ಒಂದೂವರೆ ಅಂಗುಲ, ಎಂದರೆ ಒಂದೂವರೆ ಬೆರಳಿನಗಲ. ಅಷ್ಟನ್ನೇ ಬಿಟ್ಟೆವು. ಆ ಅಂಚಿನಲ್ಲಿ ನಾಲ್ಕು ಇಂಚಿನ ಆಳುಗಳು ಐವರು. ಅವರಲ್ಲಿ ಹಾರೆ ಹಿಡಿದು ಬಾಗಿ ಕಲ್ಲನ್ನು ಮೀಟುತ್ತಿರುವವರು ಮಾವನವರು. ಮುಖದ ಹೋಲಿಕೆಯನ್ನು ತರುವ ಸಾಹಸಕ್ಕೆ ಹೋಗಲಿಲ್ಲ. ಬೆನ್ನಿನ ಬಾಗು ಮಾತ್ರ ಅವರದು.

ಕೆಲಸವು ಮುಗಿದ ದಿನ ಅತ್ತೆಯವರ ಕೈಗಳನ್ನು ಮಾದರಿಯ ಮೇಲಿಟ್ಟೆವು. ಅವರು ತೋಪನ್ನೂ ಗೋಪುರವನ್ನೂ ಬೇಗನೆ ಸವರಿ ಬಿಟ್ಟರು. ಚಕ್ರಗಳಿಂದ ಕೆಳಗಿಳಿದು ದಾರಿಗೆ ಬಂದ ಬೆರಳು ಅಂಚನ್ನು ಮುಟ್ಟಿ ನಿಂತಿತು.

“ಇಲ್ಲಿಂದಾಚೆಗೆ ಏನೂ ಸಿಕ್ಕೋದಿಲ್ಲವಲ್ಲೋ?”

“ಆಚೆಗೆ ಪ್ರಪಾತ, ಅತ್ತೆ.”

“ನಿಮ್ಮ ಮಾವ ಎಲ್ಲಿದಾರೆ?”

ಬೆರಳನ್ನು ಹಿಡಿದು ತೋರಿಸಿದೆನು. ಅವರು ಆಳಿನ ಬೆನ್ನನ್ನು ಮುಟ್ಟಿ, ಮತ್ತೆ ಅಂಚನ್ನು ಮುಟ್ಟಿ, ಪುನಃ ಬೆನ್ನಿಗೆ ಬಂದರು. ಮೂರು ನಾಲ್ಕು ಸಲ ಹೀಗೆ ಅಳೆದ ಮೇಲೆ, “ಅಷ್ಟೇ ಅಂತಿದ್ದರಲ್ಲೋ ಅವರು. ರಸ್ತೆ ಕೆಲಸ, ಅಷ್ಟೇ ಅಂತಿದ್ದರಲ್ಲೋ” ಎಂದರು. ಹುಡುಗನು ಏನೂ ಮಾತಾಡದೆ ಅಜ್ಜಿಯ ಪಕ್ಕದಲ್ಲಿ ಕುಳಿತುಕೊಂಡನು. ದುರ್ಬೀನಿನ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಯುದ್ಧದ ಯಂತ್ರವನ್ನು ಮನೆಯೊಳಗೆ ತಂದಿಡುವುದು ಸರಿಯೇ ಎಂದು ಕೆಲವರು ಕೇಳಬಹುದು. ಕೊಲ್ಲುವ ಸಾಧನವನ್ನು ಮೆರೆಸುವುದಕ್ಕಾಗಿ ಇಟ್ಟರೆ ಅದು ತಪ್ಪೇ ಸರಿ. ಆದರೆ ನಮ್ಮ ಮನೆಯ ಗಂಡಸೊಬ್ಬನು ಯಾವ ಚಳಿಯಲ್ಲಿ, ಯಾವ ಅಂಚಿನಲ್ಲಿ ನಿಂತಿದ್ದನೆಂಬುದನ್ನು ಮಕ್ಕಳಿಗೆ ತಿಳಿಸುವುದಕ್ಕೆ ಇಟ್ಟರೆ, ಯುದ್ಧವೆಂದರೆ ಆಟವಲ್ಲವೆಂಬುದನ್ನು ಅದು ತಾನಾಗಿಯೇ ಹೇಳುವುದು.

ಸೈನ್ಯದಲ್ಲಿದ್ದು ಬಂದವರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಅವರಲ್ಲಿ ಬಹುಮಂದಿ ತೋಪು ಹಾರಿಸಿದವರಲ್ಲ. ಲಾರಿ ಓಡಿಸಿದವರು, ಅಡಿಗೆ ಮಾಡಿದವರು, ತಂತಿ ಎಳೆದವರು, ಗಾಯಾಳುಗಳನ್ನು ಹೊತ್ತವರು. ಅವರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ: ಯಾವ ದಳ, ಯಾವ ವರ್ಷ, ಯಾವ ಊರು, ಕೈಯಲ್ಲಿದ್ದುದು ಯಾವ ಉಪಕರಣ, ಪಕ್ಕದಲ್ಲಿದ್ದವರು ಯಾರು. ಬಿಡುಗಡೆಯ ಪುಸ್ತಕವನ್ನೂ ಪದಕದ ಪಟ್ಟಿಯನ್ನೂ ಹಳೆಯ ಸಾಮಾನಿನೊಡನೆ ಎಸೆಯಬೇಡಿರಿ. ಲಾರಿ ಓಡಿಸಿದವರಿಗೆ ಲಾರಿಯನ್ನೇ ಮಾಡಿರಿ. ಅಡಿಗೆ ಮಾಡಿದವರಿಗೆ ಅಡಿಗೆಯ ಬಂಡಿಯನ್ನೇ ಮಾಡಿರಿ. ಹಿರಿಯರನ್ನು ಇದ್ದುದಕ್ಕಿಂತ ದೊಡ್ಡವರನ್ನಾಗಿ ಮಾಡಬೇಕಾದುದಿಲ್ಲ. ಇದ್ದ ಅಳತೆಯಲ್ಲಿಯೇ ತೋರಿಸಿದರೆ ಅವರು ಸಾಕಷ್ಟು ದೊಡ್ಡವರು.