ಹಿಮದ ನಾಡಿಗೆ ಹೊರಟವರಿಗೆ ಟೈರಿನ ಮಾತು

ನಿಮ್ಮಲ್ಲಿ ಕೆಲವರು ಓದಿಗೋ ಕೆಲಸಕ್ಕೋ ಕೆನಡಾಕ್ಕೆ ಹೊರಟಿದ್ದೀರಿ. ಸ್ವೆಟರು, ಸಾರಿನಪುಡಿ, ಉಪ್ಪಿನಕಾಯಿ ಕಟ್ಟಿಕೊಡುವ ನಮಗೆ ಟೈರಿನ ನೆನಪು ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಮಾಂಟ್ರಿಯಲ್‌ನಲ್ಲಿರುವ ನನ್ನ ಮಗ "ಇನ್ನೂ ಎರಡು ವಾರ ಇದೆಯಲ್ಲ" ಎಂದು ಸುಮ್ಮನಿದ್ದ. ನವೆಂಬರಿನಲ್ಲೇ ಹಿಮ ಬಿತ್ತು. ಬ್ರೇಕು ಒತ್ತಿದರೂ ಕಾರು ಜಾರಿ ದೀಪದ ಕಂಬಕ್ಕೆ ಬಡಿಯಿತು. ಪುಣ್ಯಕ್ಕೆ ಅಡ್ಡ ಯಾರೂ ಇರಲಿಲ್ಲ.

ಚಳಿಗೆ ತುಪ್ಪ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ? ಬೇಸಿಗೆ ಟೈರಿನ ರಬ್ಬರೂ ಹಾಗೆಯೇ. ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರು ಮೆದುವಾಗಿಯೇ ಉಳಿಯುತ್ತದೆ.

ಅದರಲ್ಲೂ ಯಾವುದು? ಉಪ್ಪು ಹಾಕಿ ಹಿಮ ಸರಿಸಿದ ಪಟ್ಟಣದ ರಸ್ತೆಗೆ ಮೊಳೆಯಿಲ್ಲದ್ದೇ ಸಾಕು. ಹಳ್ಳಿದಾರಿಯ ಮಂಜುಗಡ್ಡೆಯ ಮೇಲೆ ಲೋಹದ ಮೊಳೆ ಕೂರಿಸಿದ ಟೈರು ಚೆನ್ನಾಗಿ ಕಚ್ಚುತ್ತದೆ. ಆದರೆ ಸದ್ದು ಹೆಚ್ಚು, ಬರಿಯ ಡಾಂಬರನ್ನು ಕೆರೆಯುತ್ತದೆ. ಅಲ್ಲಿ ಅಕ್ಟೋಬರ್ 15ರಿಂದ ಮೇ 1ರವರೆಗಷ್ಟೇ ಅದಕ್ಕೆ ಅನುಮತಿ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ನೋಡಿ. ಬರಿಯ 'ಎಂ ಪ್ಲಸ್ ಎಸ್' ಸಾಲದು. ಹಳೆಯದು ಅಗ್ಗವೆಂದು ಮರುಳಾಗಬೇಡಿ. ತಯಾರಾದ ವಾರ, ವರ್ಷ ಅದರ ಮೇಲೆಯೇ ಇರುತ್ತದೆ. '3523' ಎಂದರೆ 2023ರ 35ನೆಯ ವಾರ. ಎರಡೇ ಹಾಕಿಸಬೇಡಿ, ನಾಲ್ಕೂ ಬೇಕು. ಮುಂದಿನ ಚಕ್ರ ಹಿಡಿದರೂ ಹಿಂದಿನದು ಜಾರಿ ಕಾರನ್ನೇ ತಿರುಗಿಸಿಬಿಡುತ್ತದೆ.

ಕಾರು ನೆಲ ಮುಟ್ಟುವುದು ನಾಲ್ಕು ಅಂಗೈಯಗಲದಲ್ಲಿ ಮಾತ್ರ. ಫೋನಿನಲ್ಲಿ "ಊಟ ಆಯಿತೇ?" ಎನ್ನುವ ಅಮ್ಮ ಅಕ್ಟೋಬರಿನಲ್ಲಿ "ಟೈರು ಬದಲಿಸಿದೆಯಾ?" ಎಂದೂ ಕೇಳಿದರೆ ಬೇಸರಿಸಬೇಡಿ.